ಗುಳೇದಗುಡ್ಡದಲ್ಲಿ ಎರಡು ದಿನ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಗದಗಿನ ಕಡೆಯ ಹೆಂಗಸರ ಮನಸ್ಸು ಮನೆಯೊಳಗೆ ನಿಲ್ಲುವುದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆ! ತೇರು, ನಾಟಕದ ಕಂಪನಿಗಳು, ಸಾಲುಸಾಲು ಬಳೆ ಅಂಗಡಿ, ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಮಾರುವ ಅವ್ವಂದಿರು. ಈ ಸಲ ನಮ್ಮವರನ್ನು ಒಪ್ಪಿಸಿ ನಾನು ನಾಲ್ಕು ದಿನ ಮೊದಲೇ ಹೊರಟೆ. ಗುಳೇದಗುಡ್ಡದಲ್ಲಿ ನನ್ನ ತಂಗಿ ಇದ್ದಾಳೆ. ಇದ್ದಾಳೆ ಎಂದು ಬರೆಯುವುದು ಸುಲಭ. ಅವಳ ಹೊಸ್ತಿಲು ತುಳಿದು ಆರು ವರ್ಷವಾಗಿತ್ತು.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಒಂದು ಹೊಲಿಗೆ ಮಿಷನ್. ಕಪ್ಪು ಮೈಮೇಲೆ ಬಂಗಾರದ ಬಳ್ಳಿ ಬರೆದ, ಕಾಲಿನಿಂದ ತುಳಿಯುವ ನಮ್ಮ ಅವ್ವನ ಮಿಷನ್. ಅವ್ವ ತೀರಿದ ಮೇಲೆ ಅಪ್ಪ ಅದನ್ನು ತಂಗಿಗೆ ಕೊಟ್ಟರು. ಹೊಲಿಗೆ ಮೊದಲು ಕಲಿತವಳು ನಾನು, ಮನೆಗೆ ಹಿರಿಯವಳೂ ನಾನು. ಮಾತು ಬಿಡಲಿಲ್ಲ, ಫೋನಿನಲ್ಲಿ ಹಬ್ಬಕ್ಕೊಮ್ಮೆ "ಆರಾಮ?" ಎನ್ನುತ್ತಿದ್ದೆ. ಹೋಗುವುದನ್ನು ಮಾತ್ರ ಬಿಟ್ಟಿದ್ದೆ.

ಗದಗಿನಿಂದ ರೈಲು ಹತ್ತಿದರೆ ಹೊಳೆಆಲೂರಿನಲ್ಲಿ ಮಲಪ್ರಭೆ, ಆಮೇಲೆ ಬಾದಾಮಿ. ಮುಂದೆ ಗುಳೇದಗುಡ್ಡ ರೋಡ್ ಎಂಬ ಸ್ಟೇಷನ್ನೂ ಇದೆ. ಹೆಸರು ನಂಬಿ ಅಲ್ಲಿ ಇಳಿಯಬೇಡಿ, ಊರು ಅಲ್ಲಿಂದ ದೂರವೇ. ಬಾದಾಮಿಯಲ್ಲಿ ಇಳಿದು ಬಸ್ಸು ಹಿಡಿಯುವುದು ವಾಸಿ. ಚಾಲುಕ್ಯರ ಗುಹೆಗಳನ್ನು ಬಸ್‌ಸ್ಟ್ಯಾಂಡಿನಿಂದಲೇ ಮನಸ್ಸಿನಲ್ಲಿ ನೋಡಿ ಕೈ ಮುಗಿದೆ. ಅವು ಆರನೆಯ ಶತಮಾನದಿಂದ ಅಲ್ಲೇ ಇವೆ, ಇನ್ನೊಂದು ಸಲಕ್ಕೂ ಇರುತ್ತವೆ.

ಗುಳೇದಗುಡ್ಡ ಕಲ್ಲುಗುಡ್ಡಗಳ ಮಡಿಲಲ್ಲಿರುವ ಊರು. ಖಣದ ಊರು. ಇಳಕಲ್ಲ ಸೀರೆ ಉಡುವವರಿಗೆ ಹೇಳಬೇಕಿಲ್ಲ, ಆ ಸೀರೆಗೆ ಒಪ್ಪುವ ಕುಬಸದ ಬಟ್ಟೆಯೇ ಖಣ. ಹಾಸು ರೇಷ್ಮೆ, ಹೊಕ್ಕು ಹತ್ತಿ, ಮೈತುಂಬ ಸಣ್ಣ ಸಣ್ಣ ಬುಟ್ಟಿ, ಎರಡೂ ಬದಿಗೆ ಅಂಚು. ಅಂಗಡಿಯಲ್ಲಿ ಮುಕ್ಕೋನವಾಗಿ ಮಡಿಸಿ ಕೊಡುತ್ತಾರೆ. ಅಂಚು ತೋಳಿನ ತುದಿಗೆ ಬರುವ ಹಾಗೆ ಕತ್ತರಿಸುವುದೇ ಜಾಣತನ. ತಂಗಿ ಮದುವೆಯಾಗಿ ಬಂದಾಗ ಅವಳ ಓಣಿಯಲ್ಲಿ ಮನೆಮನೆಗೂ ಮಗ್ಗದ ಸದ್ದು ಕೇಳುತ್ತಿತ್ತು. ಈಗ ಕೆಲವೇ ಮನೆಗಳಲ್ಲಿ ಉಳಿದಿದೆ. ತಂಗಿಯ ಗಂಡನೂ ಮಗ್ಗ ಬಿಟ್ಟು ಗೋವಾಕ್ಕೆ ದುಡಿಯಲು ಹೋಗಿದ್ದಾನೆ. ಅವನು ಕಳಿಸುವ ಹಣ ಬಾಡಿಗೆಗೆ, ಮಗನ ಕಾಲೇಜಿಗೆ. ಒಲೆ ಉರಿಯುವುದು ತಂಗಿ ಹೊಲಿಯುವ ಕುಬಸಗಳಿಂದ.

ನಾನು ಹೋದಾಗ ಅವಳು ಮಿಷನ್ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಓಣಿಯ ಸೊಸೆಯೊಬ್ಬಳಿಗೆ ಏಳು ತಿಂಗಳು, ಸೋಮವಾರ ಕುಬಸದ ಕಾರ್ಯ (ದಕ್ಷಿಣದ ಕಡೆ ಸೀಮಂತ ಅನ್ನುತ್ತಾರಲ್ಲ, ಅದು). ಬಸುರಿಗೆ, ಬೀಗರಿಗೆ, ನಾದಿನಿಯರಿಗೆ ಎಂದು ಹನ್ನೊಂದು ಖಣ ಬಂದಿದ್ದವು. ಹೊಲಿದದ್ದು ಮೂರು. ಅವತ್ತು ಗುರುವಾರ.

"ತುಳದ್ರ ಕೆಳಗಿನ ಗಾಲಿ ತಿರಗತೈತಿ, ಮ್ಯಾಲಿಂದು ನಿಂತ ಬಿಡತೈತಿ ಅಕ್ಕಾ. ಅಸ್ತರ ಹಚ್ಚಿದ ಕಡೆ ಸೂಜಿ ಇಳಿಯಂಗೇ ಇಲ್ಲ" ಎಂದಳು. ರಿಪೇರಿಯವನೊಬ್ಬ ಬಂದು, ಹಳೇದಾತು, ಇದರಾಗ ಏನೂ ಉಳಿದಿಲ್ಲ ಎಂದು ಹೋಗಿದ್ದನಂತೆ. ಮಗ ಫೋನಿನಲ್ಲಿ ಮೋಟಾರಿನ ಹೊಸ ಮಿಷನ್ ತೋರಿಸಿದ. ಕಂತಿನ ಮೇಲೆ ಸಿಗುತ್ತದಂತೆ. ಹಳೆಯದನ್ನು ಗುಜರಿಯವನು ತೂಕಕ್ಕೆ ಕೇಳಿದ್ದಾನಂತೆ. ತೂಕಕ್ಕೆ! ನನಗೆ ಎದೆಯಲ್ಲಿ ಚುಚ್ಚಿದ ಹಾಗಾಯಿತು. ಆರು ವರ್ಷ ಸಿಟ್ಟು ಇಟ್ಟುಕೊಂಡದ್ದು ಈ ಕಬ್ಬಿಣಕ್ಕೇ ಅಲ್ಲವೆ?

ಚಹಾ ಆಮೇಲೆ ಎಂದು ಸೆರಗು ಸಿಕ್ಕಿಸಿದೆ.

ಬೆಲ್ಟು ಜಾರಿದರೆ ಎಲ್ಲರೂ ಬೆಲ್ಟನ್ನೇ ಬೈಯುತ್ತಾರೆ. ಮೊದಲು ಅದನ್ನು ಕೆಳಗಿನ ದೊಡ್ಡ ಗಾಲಿಯಿಂದ ಇಳಿಸಿ, ಮೇಲಿನ ಸಣ್ಣ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಹಗುರವಾಗಿ ತಿರುಗಬೇಕು. ಇದು ತುಂಬಿದ ಕೊಡ ಸೇದಿದ ಹಾಗೆ ಭಾರ. ಎಣ್ಣೆ ಬಿಡುವ ತೂತಿಗೆ ಬೆರಳಿಟ್ಟು ಮೂಸಿದೆ. ಕೊಬ್ಬರಿ ಎಣ್ಣೆ! ಮಿಷನ್ ಎಣ್ಣೆ ಮುಗಿದಾಗ ತಲೆಗೆ ಹಚ್ಚುವುದನ್ನೇ ಬಿಟ್ಟಿದ್ದಾಳೆ. ಅದು ಒಳಗೆ ಅಂಟಾಗಿ ಕೂತಿದೆ. ಯಂತ್ರ ಬಿಗಿಯಾದರೆ ಬೆಲ್ಟು ಜಾರದೆ ಏನು ಮಾಡೀತು? ಅಕ್ಕತಂಗಿಯರೇ, ದಯವಿಟ್ಟು ಈ ತಪ್ಪು ಮಾಡಬೇಡಿ.

ಸೀಮೆಎಣ್ಣೆ ಬೇಕಾಯಿತು. ಈಗ ಅದನ್ನು ಎಲ್ಲಿ ಹುಡುಕುವುದು? ಪಕ್ಕದ ಮನೆಯ ನೇಕಾರ ಅಜ್ಜನ ಹತ್ತಿರ ಹಳೆಯ ಸೀಸೆಯಲ್ಲಿ ಒಂದಿಷ್ಟಿತ್ತು. ಒಲೆ, ದೀಪ ಯಾವುದೂ ಹತ್ತಿರ ಇಲ್ಲದ ಪಡಸಾಲೆಗೆ ಮಿಷನ್ ತಂದು, ತೂತು ತೂತಿಗೂ ಎರಡೆರಡು ಹನಿ ಬಿಟ್ಟು, ತಿರುಗಿಸಿ, ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಕಂದು ಬಣ್ಣದ ಕೊಳೆ ಇಳಿದಿತ್ತು. ಒರೆಸಿ, ಮಗನಿಂದ ಮಿಷನ್ ಎಣ್ಣೆ ತರಿಸಿ ಬಿಟ್ಟ ಮೇಲೆ ಗಾಲಿ ಒಂದೇ ಬೆರಳಿಗೆ ತಿರುಗಿತು. ಸಣ್ಣ ಗಾಲಿಯ ನಡುವೆ, ಬಾಬಿನ್‌ಗೆ ದಾರ ಸುತ್ತುವಾಗ ಸಡಿಲಿಸುತ್ತೇವಲ್ಲ, ಆ ತಿರುಪನ್ನೂ ಬಿಗಿ ಮಾಡಿದೆ. ಅದು ಸಡಿಲಿದ್ದರೆ ಗಾಲಿ ತಿರುಗಿಯೂ ಸೂಜಿ ಸುಮ್ಮನಿರುತ್ತದೆ.

ಇಷ್ಟಾದರೂ ದಪ್ಪ ಹೊಲಿಗೆಗೆ ಬೆಲ್ಟು ಜಾರುತ್ತಲೇ ಇತ್ತು. ಒಣ ಬಟ್ಟೆಯಿಂದ ಅದರ ಜಿಡ್ಡು ಒರೆಸಿ ಬಳಪದ ಪುಡಿ ಸವರಿದೆ. ಅದು ಒಂದು ಗಳಿಗೆಯ ಉಪಾಯ ಅಷ್ಟೆ. ಚರ್ಮ ಹಿಗ್ಗಿತ್ತು.

ಇಕ್ಕಳ, ದಬ್ಬಳ ಹಿಡಿದು ಅಜ್ಜನೂ ಬಂದು ಕೂತ. ತಂಗಿ ಗುಜರಿಯ ಮಾತು ತೆಗೆದದ್ದಕ್ಕೆ, "ಹಾಸು ಸಡ್ಲ ಆದ್ರ ಬಿಗೀತೀವಿ ತಂಗೀ, ಮಗ್ಗಾ ಸುಡತೇವೇನು?" ಎಂದ.

ಬೆಲ್ಟಿನ ಎರಡು ತುದಿ ಕೂಡಿಸಿದ ತಂತಿಯ ಕ್ಲಿಪ್ಪನ್ನು ಇಕ್ಕಳದಿಂದ ಬಿಚ್ಚಿದೆ. ಚಾಕು ತಂಗಿಯ ಕೈಗೆ ಕೊಟ್ಟೆ. ಅವಳು ಎರಡು ಬೆರಳಗಲ ಕತ್ತರಿಸಲು ಹೋದಳು! ಕೈ ಹಿಡಿದೆ. ಅರ್ಧ ಇಂಚಿಗಿಂತ ಕಡಿಮೆಯೇ ತೆಗೆಯಬೇಕು. ಸಾಲದಿದ್ದರೆ ಮತ್ತೆ ಕೊಯ್ಯಬಹುದು, ಕೊಯ್ದದ್ದನ್ನು ಕೂಡಿಸಲಾಗದು. ತುದಿಯಿಂದ ಕಾಲಿಂಚು ಬಿಟ್ಟು ದಬ್ಬಳದಿಂದ ತೂತು ಮಾಡಿ, ಮೇಜಿನ ಎರಡು ತೂತುಗಳಲ್ಲಿ ಬೆಲ್ಟು ಪೋಣಿಸಿ, ಕ್ಲಿಪ್ಪು ಹಾಕಿ, ಅದರ ಕಾಲುಗಳನ್ನು ಗಾಲಿಗೆ ತಾಗದಂತೆ ಹೊರಗಿನ ಮೈಗೆ ಮಡಚಿದೆವು. ಬೆರಳಿಂದ ಒತ್ತಿದರೆ ಸ್ವಲ್ಪ ಬಗ್ಗಬೇಕು. ತಂತಿಯಂತೆ ಬಿಗಿದರೆ ಕಾಲು ಸೋಲುತ್ತದೆ, ಮಿಷನ್ನಿನ ಒಳಗೂ ಸವೆಯುತ್ತದೆ.

"ಇದನ್ನ ನನಗ ಯಾರೂ ಹೇಳಿಕೊಡಲಿಲ್ಲ ಅಕ್ಕಾ" ಎಂದಳು ತಂಗಿ. ನನಗೆ ಅವ್ವ ಹೇಳಿಕೊಟ್ಟಾಗ ಇವಳು ತೊಟ್ಟಿಲು ಬಿಟ್ಟು ಎರಡು ವರ್ಷವಾಗಿರಬೇಕು. ಸ್ವಲ್ಪ ಹೊತ್ತು ಬಿಟ್ಟು ತಲೆ ತಗ್ಗಿಸಿಕೊಂಡೇ ಅಂದಳು, "ಮಿಷನ್ ಕೊಡುವಾಗ ಅಪ್ಪ ಏನಂದ ಗೊತ್ತೇನು? ನಿಮ್ಮಕ್ಕಗ ಕೆಲಸ ಬರತೈತಿ, ಆಕಿ ಹೆಂಗರ ಬದಕತಾಳ. ನಿನಗೇನೂ ಬರಂಗಿಲ್ಲ, ಇದನರ ಇಟ್ಕೋ ಅಂದ."

ಆರು ವರ್ಷದಲ್ಲಿ ಅದನ್ನು ಕೇಳಲು ನಾನು ಬಂದಿರಲಿಲ್ಲ. ಏನು ಹೇಳಲಿ? "ತುಳಿ ನೋಡೋಣ" ಎಂದೆ.

ತುಳಿದಳು. ಅಸ್ತರ ಸಮೇತ ನಾಲ್ಕು ಪದರದ ಮೇಲೆ ಸೂಜಿ ನಿಲ್ಲದೆ ಓಡಿತು. ಕ್ಲಿಪ್ಪು ಗಾಲಿ ದಾಟುವಾಗ ಒಂದು ಸಣ್ಣ "ಟಕ್". ಅವ್ವ ರಾತ್ರಿ ಹೊಲಿಯುವಾಗ ನಾವು ಹಾಸಿಗೆಯಲ್ಲಿ ಕೇಳುತ್ತಿದ್ದ ಸದ್ದೇ ಅದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಜ್ಜ ಮಾತ್ರ ಬಾಯಿ ಬಿಟ್ಟು ನಕ್ಕ.

ನಾನು ಕತ್ತರಿಸುತ್ತಾ ಹೋದೆ, ಅವಳು ಹೊಲಿಯುತ್ತಾ ಹೋದಳು. ಮಗ ಗುಂಡಿ ಹಚ್ಚಿದ, ಸೊಟ್ಟಗೆ, ಮತ್ತೆ ಬಿಚ್ಚಿ ಹಚ್ಚಿದೆವು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಹನ್ನೊಂದೂ ಮುಗಿದವು. ಆ ರಾತ್ರಿ ಅವಳು ನನಗೆಂದು ಹಸಿರು ಖಣದ ಒಂದು ಕುಬಸ ಹೊಲಿದಳು, ಅಳತೆ ಕೇಳದೆ, ಆರು ವರ್ಷದ ಹಿಂದಿನ ನೆನಪಿನ ಮೇಲೆ. ಬಲತೋಳು ತುಸು ಬಿಗಿ. ಬನಶಂಕರಿಯ ತೇರಿಗೆ ಉತ್ತತ್ತಿ ಎಸೆಯಲು ಕೈ ಎತ್ತಿದಾಗ ಗೊತ್ತಾಯಿತು. ಹೇಳಿದರೆ, "ಯುಗಾದಿಗೆ ಬಾ, ಬಿಚ್ಚಿ ಹೊಲೀತೇನಿ" ಎಂದಿದ್ದಾಳೆ.