ತೆಂಗಿನ ನಾಡಿನಲ್ಲಿ ದಾರಿ ತಪ್ಪುವ ಟಪಾಲು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ನೀವು ಹಗಲು ಹೊತ್ತು ಪ್ರಯಾಣಿಸಿದ್ದೀರಾ? ಗುಬ್ಬಿ ದಾಟಿದ ಮೇಲೆ ನಿಟ್ಟೂರು, ಸಂಪಿಗೆ ರೋಡು, ಅಮ್ಮಸಂದ್ರ, ಬಾಣಸಂದ್ರ ಎಂದು ಸಣ್ಣ ಸಣ್ಣ ನಿಲ್ದಾಣಗಳು ಬರುತ್ತವೆ. ಕಿಟಕಿಯ ಎರಡೂ ಕಡೆ ತೆಂಗು. ನಡುವೆ ಒಂದು ಕೆರೆ, ಒಂದಿಷ್ಟು ರಾಗಿ ಹೊಲ, ಮತ್ತೆ ತೆಂಗು. ತಿಪಟೂರು ಬರುವ ತನಕ ಇದೇ ನೋಟ. ಕರಾವಳಿಯ ಸಹೋದರಿಯರಿಗೆ ತೆಂಗು ಹೊಸದಲ್ಲ, ನಿಜ. ಆದರೆ ಸಮುದ್ರದಿಂದ ಇಷ್ಟು ದೂರದ ಬಯಲು ಸೀಮೆಯಲ್ಲಿ ಇಷ್ಟೊಂದು ತೆಂಗು ಕಂಡರೆ ಅವರಿಗೂ ಅಚ್ಚರಿಯಾದೀತು.

ಈದ್ ದಿನ ಶೀರ್ ಖುರ್ಮಾಕ್ಕೆ ತೆಳ್ಳಗೆ ಹೆಚ್ಚಿ, ತುಪ್ಪದಲ್ಲಿ ಹುರಿದು ಹಾಕುತ್ತೀರಲ್ಲ, ಆ ಒಣಕೊಬ್ಬರಿ ಇಲ್ಲಿಂದಲೇ ಬಂದಿರಬಹುದು. ಕರಾವಳಿಯಲ್ಲಿ ಕಾಯಿ ಒಡೆದು ಬಿಸಿಲಿಗೆ ಒಣಗಿಸುತ್ತಾರೆ, ಅದು ಎಣ್ಣೆಗೆ. ತಿಪಟೂರಿನದು ಉಂಡೆ ಕೊಬ್ಬರಿ, ತಿನ್ನುವುದಕ್ಕೆ. ಬಲಿತ ಕಾಯನ್ನು ಒಡೆಯದೆ, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಪೂರ್ತಿ ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳಿದ ಸದ್ದು ಕೇಳಬೇಕು. ಆಮೇಲೆ ಸುಲಿದು, ಚಿಪ್ಪು ಬಿಡಿಸಿ, ಚೀಲ ತುಂಬಿ ತಿಪಟೂರಿನ ಎಪಿಎಂಸಿ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಒಂದು ವರ್ಷದ ದುಡಿಮೆ ಪೂರಾ ತಲೆಯ ಮೇಲಿನ ಅಟ್ಟದಲ್ಲಿ ಕೂತಿರುತ್ತದೆ ಅನ್ನಿ. ಈ ಅಟ್ಟದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಿಪಟೂರಿಗೆ ರೈಲುಂಟು, ಹೆದ್ದಾರಿಯುಂಟು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ರೈಲಿಲ್ಲ. ಹೆದ್ದಾರಿಯಲ್ಲಿ ಕಿಬ್ಬನಹಳ್ಳಿ ಕ್ರಾಸ್ ಎಂಬ ಜಾಗವಿದೆ. ಜನ ಕೆ.ಬಿ. ಕ್ರಾಸ್ ಅನ್ನುತ್ತಾರೆ. ಅಲ್ಲಿ ಒಂದು ರಸ್ತೆ ತುರುವೇಕೆರೆ, ಮಾಯಸಂದ್ರದ ಕಡೆಗೆ ಇಳಿಯುತ್ತದೆ. ಅದಕ್ಕೆ ಎದುರಾದ ರಸ್ತೆ ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಕಡೆಗೆ ಏರುತ್ತದೆ. ಈ ಯಾವ ರಸ್ತೆಯಲ್ಲಿ ಹೋದರೂ ಬಸ್ಸಿನಲ್ಲಿ ಕೂತವರಿಗೆ ಊರುಗಳು ಕಾಣುವುದು ಕಡಿಮೆ. ಮರಗಳ ಸಂದಿನಲ್ಲಿ ಒಂಟಿ ಹೆಂಚಿನ ಮನೆಗಳು ಇಣುಕುತ್ತವೆ. ತೋಟಕ್ಕೆ ನೀರು ಬಿಡುವುದು, ಕಾಯಿ ಕಾಯುವುದು, ದನ ನೋಡಿಕೊಳ್ಳುವುದು ಎಲ್ಲಕ್ಕೂ ಅನುಕೂಲವೆಂದು ಅನೇಕರು ಊರು ಬಿಟ್ಟು ತೋಟದಲ್ಲೇ ಮನೆ ಮಾಡಿಕೊಂಡಿದ್ದಾರೆ. ಗಂಡಸರಿಗೆ ಬೈಕಿದೆ, ಸಂತೆಯಿದೆ, ಮಾರುಕಟ್ಟೆಯಿದೆ. ಹೆಂಗಸರು ಮನೆಯಲ್ಲಿರುತ್ತಾರೆ. ಹೊರಗಿನ ಲೋಕದ ಕಾಗದ ಪತ್ರ ಅವರ ಕೈ ಸೇರಬೇಕಾದರೆ ಯಾರಾದರೂ ಆ ತೋಟದ ದಾರಿ ತುಳಿದು ಒಳಗೆ ಬರಬೇಕು.

ಈಗ ಒಂದು ಲಕೋಟೆ ಇಲ್ಲಿಗೆ ಹೇಗೆ ಬರುತ್ತದೆ ನೋಡಿ. ಪಿನ್ ಕೋಡ್ ಪದ್ಧತಿ ಆರಂಭವಾದದ್ದು 1972ರ ಆಗಸ್ಟ್ 15ರಂದು. ತಿಪಟೂರಿಗೆ 572201, ಚಿಕ್ಕನಾಯಕನಹಳ್ಳಿಗೆ 572214, ತುರುವೇಕೆರೆಗೆ 572227. ಈ ಆರು ಅಂಕಿಗಳು ಲಕೋಟೆಯನ್ನು ದೇಶದ ಯಾವ ಮೂಲೆಯಿಂದಾದರೂ ಸರಿಯಾದ ಪಟ್ಟಣಕ್ಕೆ ತಂದು ಮುಟ್ಟಿಸುತ್ತವೆ. ಅಲ್ಲಿಯವರೆಗೆ ದೂರುವುದಕ್ಕೆ ಹೆಚ್ಚೇನೂ ಇಲ್ಲ. ಆದರೆ ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಅದೇ ಒಂದು ಪಿನ್. ಅಲ್ಲಿಂದ ಮುಂದೆ ದಾರಿ ತೋರಿಸಬೇಕಾದದ್ದು ನಾವು ಬರೆಯುವ ಸಾಲುಗಳು: ಇಂಥ ಹಳ್ಳಿ, ಇಂಥ ಅಂಚೆ, ಇಂಥ ಹೋಬಳಿ, ಇಂಥ ತಾಲೂಕು. ಹೊಸಹಳ್ಳಿ, ಗೊಲ್ಲರಹಟ್ಟಿ, ಪಾಳ್ಯ ಎಂಬ ಹೆಸರಿನ ಊರುಗಳು ಈ ಸೀಮೆಯಲ್ಲಿ ಒಂದೆರಡಲ್ಲ. ‘ಅಂಚೆ’ ಎಂಬ ಆ ಒಂದು ಸಾಲು ಬಿಟ್ಟುಹೋದರೆ ಕಾಗದ ಯಾವ ಚೀಲಕ್ಕೆ ಬೀಳುತ್ತದೋ ಹೇಳಲಾಗದು. ಈಗಿನ ಬ್ಯಾಂಕಿನವರ, ಕಂಪೆನಿಯವರ ಅರ್ಜಿಗಳಲ್ಲಿ ಹೋಬಳಿಗೆ ಜಾಗವೇ ಇರುವುದಿಲ್ಲ. ಚಿಕ್ಕನಾಯಕನಹಳ್ಳಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಲು ಹೋದರೆ ಚೌಕಗಳೇ ಸಾಲದೆ ‘ಸಿ.ಎನ್. ಹಳ್ಳಿ’ ಆಗಿಬಿಡುತ್ತದೆ.

ಪಟ್ಟಣದ ಅಂಚೆ ಕಚೇರಿಯಿಂದ ಚೀಲ ಹಳ್ಳಿಯ ಶಾಖಾ ಅಂಚೆ ಕಚೇರಿಗೆ ಹೋಗುತ್ತದೆ. ಕಚೇರಿ ಎಂದರೆ ದೊಡ್ಡ ಕಟ್ಟಡ ಎಂದುಕೊಳ್ಳಬೇಡಿ. ಬಹಳ ಕಡೆ ಅದು ಶಾಖಾ ಪೋಸ್ಟ್ ಮಾಸ್ಟರರ ಮನೆಯ ಮುಂಕೋಣೆ ಅಥವಾ ಜಗಲಿ. ಜಾಗವನ್ನು ಅವರೇ ಒದಗಿಸಬೇಕು. ಅವರೂ, ಕಾಗದ ಹಂಚುವವರೂ ‘ಗ್ರಾಮೀಣ ಡಾಕ್ ಸೇವಕರು’. ದಿನಕ್ಕೆ ನಾಲ್ಕು ಅಥವಾ ಐದು ಗಂಟೆಯ ಕೆಲಸ ಎಂದು ಲೆಕ್ಕ. ಕಾಯಂ ಸರಕಾರಿ ನೌಕರರ ಸಂಬಳ, ಪಿಂಚಣಿ ಇವರಿಗಿಲ್ಲ. 2018ರಲ್ಲಿ ದೇಶದಾದ್ಯಂತ ಹದಿನಾರು ದಿನ ಮುಷ್ಕರ ಹೂಡಿದ ಮೇಲೆ, ನಾಲ್ಕು ಗಂಟೆ ಕೆಲಸದ ಡಾಕ್ ಸೇವಕರ ಕನಿಷ್ಠ ಭತ್ಯೆ ತಿಂಗಳಿಗೆ 10,000 ರೂಪಾಯಿ ಮತ್ತು ತುಟ್ಟಿಭತ್ಯೆ ಎಂದಾಯಿತು. ಅದರಲ್ಲೇ ಉಳಿತಾಯ ಖಾತೆ ಮಾಡಿಸಬೇಕು, ವಿಮೆ ಮಾಡಿಸಬೇಕು. 2018ರಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಅದರ ಕೆಲಸವೂ ಸೇರಿತು. ಹೀಗಿರುವಾಗ ಒಂದೇ ಒಂದು ಲಕೋಟೆಗಾಗಿ ಮೂರು ಕಿಲೋಮೀಟರ್ ತೋಟದ ದಾರಿ ಸವೆಸುವವರು ಯಾರು? ರಸ್ತೆ ಬದಿಯ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಅಂಗಡಿಯವನು ನೆನಪಾದಾಗ ಕೊಡುತ್ತಾನೆ. ಬರಿಯ ಮದುವೆ ಪತ್ರಿಕೆಯಾದರೆ, ನಮ್ಮ ಮಾಸಿಕವಾದರೆ, ಬೇಸರ ಮಾಡಿಕೊಂಡು ಸುಮ್ಮನಾಗಬಹುದು.

ನನ್ನ ಖಾಲಾ ಒಬ್ಬರು ಈ ಮೂರು ತಾಲೂಕುಗಳಲ್ಲಿ ಒಂದರ ತೋಟದ ಮನೆಯಲ್ಲಿದ್ದಾರೆ. ಖಾಲು ತೀರಿಕೊಂಡ ಮೇಲೆ ಒಂದೂವರೆ ಎಕರೆ ತೋಟಕ್ಕೆ ಪೌತಿ ಖಾತೆ ಮಾಡಿಸಲು ಅರ್ಜಿ ಹಾಕಿದ್ದರು. ಮೈದುನಂದಿರು ತಕರಾರು ಸಲ್ಲಿಸಿದರು. ವಿಚಾರಣೆಗೆ ಬನ್ನಿ ಎಂದು ನೋಟಿಸು ಹೊರಟಿತು. ಖಾಲಾ ಕಾಯುತ್ತಲೇ ಇದ್ದರು. ನೋಟಿಸು ಬರಲಿಲ್ಲ, ವಿಚಾರಣೆ ಮುಗಿದುಹೋಯಿತು. ವಿಚಾರಿಸಲು ಹೋದಾಗ ಕಡತದಲ್ಲಿ ಅವರ ಹೆಸರಿನ ಲಕೋಟೆಯನ್ನೇ ತೋರಿಸಿದರು. ಮೇಲೆ ಷರಾ ಇತ್ತು: ‘ಮನೆಗೆ ಬೀಗ ಹಾಕಿದೆ, ವಾಪಸು.’

ಅಟ್ಟದ ತುಂಬಾ ಕೊಬ್ಬರಿ ಇಟ್ಟುಕೊಂಡವರು ಮನೆಗೆ ಬೀಗ ಹಾಕಿ ಹೋಗುವುದುಂಟೇ? ಆ ವರ್ಷ ಖಾಲಾ ಬೆಂಗಳೂರಿನ ನಿಕಾಹ್‌ಗೂ ಬಂದಿರಲಿಲ್ಲ, “ಕಾಯಿ ಅಟ್ಟದಲ್ಲಿದೆ, ಹೇಗೆ ಬರಲಿ” ಎಂದಿದ್ದರು. ಮರುದಿನ ಅಂಚೆ ಕಚೇರಿಗೆ ಹೋಗಿ ಕೇಳಿದರು. ಅಲ್ಲಿದ್ದ ಹುಡುಗ ತಲೆಯೆತ್ತದೆ ಹೇಳಿದ್ದು ಇಷ್ಟು: “ನಾನು ಬಂದಾಗ ಬೀಗ ಇತ್ತಕ್ಕಾ. ಅಂಗಡೀಲಿ ಹೇಳಿ ಹೋಗಿದ್ದೆ.” ಪಟ್ಟಣದ ಕಚೇರಿಗೆ ಹೋದರೆ ಈ ಕೌಂಟರಿನವರು ಆ ಕೌಂಟರಿಗೆ ಕಳಿಸಿದರು. ಆ ಕೌಂಟರಿನವರು ಊಟಕ್ಕೆ ಹೋಗಿದ್ದರು. ಬಂದ ಮೇಲೆ “ಬರೆದು ಕೊಟ್ಟು ಹೋಗಿ” ಎಂದರು. ಬರೆದು ಕೊಟ್ಟದ್ದಕ್ಕೆ ಸ್ವೀಕೃತಿ ಕೊಡಿ ಎಂದಾಗ ಮಾತ್ರ ಎಲ್ಲರೂ ತಲೆಯೆತ್ತಿ ನೋಡಿದರಂತೆ.

ಸಹೋದರಿಯರೇ, ಇಲ್ಲಿ ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1897ರ ಜನರಲ್ ಕ್ಲಾಸಸ್ ಕಾಯಿದೆಯ 27ನೇ ಕಲಮಿನಂತೆ, ಸರಿಯಾದ ವಿಳಾಸ ಬರೆದು, ಹಣ ಕಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ ಪತ್ರ ಮಾಮೂಲು ಅವಧಿಯಲ್ಲಿ ತಲುಪಿತೆಂದೇ ಭಾವಿಸಬೇಕು. ಚೆಕ್ ಬೌನ್ಸ್ ನೋಟಿಸಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಅಲವಿ ಹಾಜಿ ಪ್ರಕರಣದಲ್ಲಿ ಇದನ್ನೇ ಎತ್ತಿ ಹೇಳಿತು. ‘ತೆಗೆದುಕೊಳ್ಳಲಿಲ್ಲ’, ‘ಮನೆಯಲ್ಲಿಲ್ಲ’, ‘ಬೀಗ ಹಾಕಿದೆ’ ಎಂದು ವಾಪಸಾದರೂ ತಲುಪಿದಂತೆಯೇ ಎಣಿಸಬಹುದು. ಇಲ್ಲ, ಅದು ನನ್ನ ಕೈಗೆ ಬರಲೇ ಇಲ್ಲ ಎಂದು ತೋರಿಸಿಕೊಡುವ ಹೊಣೆ ನಿಮ್ಮದು. ಇದು ಒಂದು ಕಡೆ. ಇನ್ನೊಂದು ಕಡೆ, 1898ರ ಅಂಚೆ ಕಾಯಿದೆಯಲ್ಲಿ ಪತ್ರ ಕಳೆದರೆ, ತಡವಾದರೆ, ಬೇರೆಯವರಿಗೆ ಹೋದರೆ ಸರಕಾರ ಹೊಣೆಯಲ್ಲ ಎಂದಿತ್ತು. ಅದರ ಬದಲಿಗೆ ಬಂದ 2023ರ ಕಾಯಿದೆ 2024ರ ಜೂನ್‌ನಲ್ಲಿ ಜಾರಿಯಾಯಿತು. ಅದರಲ್ಲೂ ನಿಯಮದಲ್ಲಿ ಹೇಳಿದಷ್ಟು ಮಾತ್ರ ಹೊಣೆ. ವಂಚನೆ ಮಾಡಿದ ಅಥವಾ ಬೇಕೆಂದೇ ತಪ್ಪು ಮಾಡಿದ ನೌಕರನನ್ನು ಮಾತ್ರ ಹಿಡಿಯಬಹುದು. ಪತ್ರ ಹಾಕಿದರೆ ತಲುಪಿತು ಎಂದು ಒಂದು ಕಾನೂನು ನಿಮಗೆ ಹೇಳುತ್ತದೆ, ತಲುಪದಿದ್ದರೆ ನಾನು ಹೊಣೆಯಲ್ಲ ಎಂದು ಇನ್ನೊಂದು ಹೇಳುತ್ತದೆ. ನಡುವೆ ಸಿಕ್ಕಿಬಿದ್ದವರು ತೋಟದ ಮನೆಯಲ್ಲಿರುವ ನನ್ನ ಖಾಲಾನಂಥವರು.

ಇದು ನಮ್ಮ ಕಡೆಯ ಕಥೆ ಮಾತ್ರವಲ್ಲ. ಒಡಿಶಾದ ಭದ್ರಕ್ ಜಿಲ್ಲೆಯ ಓಧಂಗಾ ಎಂಬ ಹಳ್ಳಿಯಲ್ಲಿ 2018ರಲ್ಲಿ ಶಾಲಾ ಮಕ್ಕಳು ಪಾಳುಬಿದ್ದ ಹಳೆಯ ಅಂಚೆ ಕಟ್ಟಡದ ಬಳಿ ಆಡುತ್ತಿದ್ದಾಗ ಕಾಗದದ ಮೂಟೆಗಳು ಸಿಕ್ಕಿದವು. ಎಣಿಸಿದರೆ ಸುಮಾರು ಆರು ಸಾವಿರ ಪತ್ರಗಳು, ಕೆಲವು 2004ರಷ್ಟು ಹಳೆಯವು. ಎಷ್ಟೋ ಗೆದ್ದಲು ತಿಂದು ಹೋಗಿದ್ದವು. ನೌಕಾಪಡೆಗೆ ಅರ್ಜಿ ಹಾಕಿದ್ದ ಹುಡುಗನೊಬ್ಬನಿಗೆ 2011ರಲ್ಲಿ ಬಂದಿದ್ದ ಉತ್ತರವೂ ಅದರಲ್ಲಿತ್ತು. ಅಷ್ಟು ವರ್ಷ ಊರಿನವರು ತಮಗೆ ಯಾರೂ ಕಾಗದ ಬರೆಯುತ್ತಿಲ್ಲ ಎಂದುಕೊಂಡಿದ್ದಿರಬೇಕು.

ಹಾಗೆಂದು ಎಲ್ಲ ಅಂಚೆಯಣ್ಣಂದಿರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮಳೆಯಲ್ಲಿ ನೆನೆದುಕೊಂಡು ಬಂದು ಅಜ್ಜಿಯಂದಿರಿಗೆ ಪಿಂಚಣಿ ಎಣಿಸಿ ಕೊಟ್ಟವರನ್ನು, ಓದು ಬಾರದವರಿಗೆ ಕಾಗದ ಓದಿ ಹೇಳಿದವರನ್ನು ನೀವೂ ಬಲ್ಲಿರಿ. ಈ ಸೀಮೆಯಲ್ಲಿ ಅಂಚೆಗೆ ದೊಡ್ಡ ಹಿನ್ನೆಲೆಯೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಂದಿಗೆ ಸೇರುವ ತನಕ ಸ್ವಂತವಾಗಿ ನಡೆದಿತ್ತು. ಆದರೆ ಒಳ್ಳೆಯ ಅಂಚೆಯಣ್ಣ ಸಿಗುವುದು ನಮ್ಮ ನಸೀಬಿಗೆ ಬಿಟ್ಟ ವಿಷಯವಾಗಬಾರದು ಅನ್ನುವುದಷ್ಟೇ ನನ್ನ ತಕರಾರು.

ಖಾಲಾನ ಓಡಾಟದಿಂದ ನಮ್ಮ ಮನೆಯವರು ಕಲಿತ ಕೆಲವನ್ನು ನಿಮಗೂ ಹೇಳುತ್ತೇನೆ. ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಬರಿಯ ಸ್ಪೀಡ್ ಪೋಸ್ಟನ್ನು ಆ ವಿಳಾಸದಲ್ಲಿರುವ ಯಾರ ಕೈಗಾದರೂ ಕೊಡಬಹುದು. ಹೆಸರಿದ್ದವರ ಕೈಗೇ ಸೇರಬೇಕಾದರೆ ಐದು ರೂಪಾಯಿ ಮತ್ತು ತೆರಿಗೆ ಹೆಚ್ಚು ಕೊಟ್ಟು ‘ರಿಜಿಸ್ಟ್ರೇಷನ್’ ಮಾಡಿಸಿ ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ರಸೀದಿಯ ನಂಬರನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಸಾಮಾನ್ಯ ಕಾಗದ ತಡವಾಗಿ ಬಂದರೆ ಲಕೋಟೆ ಹರಿದು ಬಿಸಾಡಬೇಡಿ, ಅದರ ಮೇಲಿನ ಮುದ್ರೆಗಳ ತಾರೀಕೇ ನಿಮ್ಮ ಸಾಕ್ಷಿ. ದೂರು ಹೇಳಲು 1800-266-6868 ಎಂಬ ಶುಲ್ಕವಿಲ್ಲದ ನಂಬರಿದೆ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಅಂಚೆ ಅಧಿಕಾರಿಗಳು ಆಗಾಗ ನಡೆಸುವ ಡಾಕ್ ಅದಾಲತ್‌ಗೂ ಬರೆದು ಕೊಡಬಹುದು. ಇಂಥ ದಿನ ಆ ಬೀಟಿನ ನೌಕರ ಯಾವ ಯಾವ ಮನೆಗೆ ಹೋಗಿದ್ದ ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಲೂಬಹುದು. ಖಾಲಾನ ಮಗ ಕೇಳಿದ್ದು ಅದನ್ನೇ. ಉತ್ತರ ಬರುವ ಮೊದಲೇ ಅಂಚೆಯ ಹುಡುಗ ತೋಟದ ಮನೆಯ ದಾರಿ ಕಂಡುಕೊಂಡ.

ಈಗ ರಸ್ತೆಯಿಂದ ತೋಟಕ್ಕೆ ತಿರುಗುವಲ್ಲಿ, ಮೊದಲನೆಯ ತೆಂಗಿನ ಮರಕ್ಕೆ ಒಂದು ತಗಡಿನ ಪೆಟ್ಟಿಗೆ ಕಟ್ಟಿದ್ದಾರೆ. ಅದರ ಮೇಲೆ ಖಾಲಾನ ಹೆಸರು, ಖಾಲುವಿನ ಹೆಸರು, ಅಂಚೆಯ ಹೆಸರು, ಮೊಬೈಲ್ ನಂಬರು ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದಾರೆ. ಖಾತೆಯ ಮೇಲ್ಮನವಿ ತಿಪಟೂರಿನ ಉಪವಿಭಾಗಾಧಿಕಾರಿಗಳ ಮುಂದಿದೆ. ಮುಂದಿನ ತಾರೀಕನ್ನು ವಕೀಲರ ಗುಮಾಸ್ತರು ಫೋನಿನಲ್ಲಿ ತಿಳಿಸಿದರು. ಟಪಾಲಿನಲ್ಲಿ ಅದಿನ್ನೂ ಬಂದಿಲ್ಲ.