ಮಾಣಿಯ ಇಂಗ್ಲಿಷು

ಬೆಂಗಳೂರನ್ನು ನೋಡಬಂದವರು ಲಾಲ್‌ಬಾಗಿನಲ್ಲಿ ಸುತ್ತಾಡುತ್ತಾರೆ, ವಿಧಾನಸೌಧದ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ, ಹೊತ್ತಾಯಿತೆಂದು ಎಲ್ಲಿಯಾದರೂ ಒಂದು ದೋಸೆ ತಿಂದು ಹಿಂದಿರುಗುತ್ತಾರೆ. ಆ ದೋಸೆಯನ್ನು ತಂದಿಟ್ಟವನು ಆಡಿದ ಮಾತನ್ನು ಮಾತ್ರ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಈ ನಗರವನ್ನು ಕಿವಿಯಿಂದಲೂ ತಿಳಿಯಬೇಕೆಂಬ ಆಸೆಯುಳ್ಳವರು ಒಂದು ದಿನ ಗಾಂಧಿ ಬಜಾರಿನಿಂದ ಚರ್ಚ್ ಸ್ಟ್ರೀಟಿನವರೆಗೆ, ಹೋಟೆಲಿನಿಂದ ಹೋಟೆಲಿಗೆ ಪ್ರಯಾಣ ಮಾಡಬೇಕು. ದೂರ ಆರೇಳು ಕಿಲೋಮೀಟರು ಮಾತ್ರ. ಆದರೆ ಅಷ್ಟರೊಳಗೆ ಮಾಣಿಯ ಭಾಷೆ ಎರಡು ಮೂರು ಬಾರಿ ವೇಷ ಬದಲಾಯಿಸುತ್ತದೆ.

ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವಿದೆ. ಒಂದೇ ತೋಳಿನ ಮೇಲೆ ಹತ್ತಕ್ಕೂ ಹೆಚ್ಚು ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು, ಒಂದನ್ನೂ ಜಾರಗೊಡದೆ ಬರುವ ಇಲ್ಲಿನ ಪರಿಚಾರಕರನ್ನು ನೋಡುವುದೇ ಒಂದು ಸೊಗಸು. ಈ ಭಾಗದ ಹೋಟೆಲುಗಳಲ್ಲಿ ಇಂಗ್ಲಿಷ್ ಇಲ್ಲವೆಂದಲ್ಲ, ಧಾರಾಳವಾಗಿದೆ. ಪ್ಲೇನ್, ಫುಲ್, ಹಾಫ್, ಎಕ್ಸ್‌ಟ್ರಾ, ಪಾರ್ಸೆಲ್, ಮೀಲ್ಸ್ ರೆಡಿ ಎಲ್ಲವೂ ಇಂಗ್ಲಿಷೇ. ಆದರೆ ಇವು ಕನ್ನಡದ ಪೌರತ್ವ ಪಡೆದ ಪದಗಳು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ‘ಬೈ ಟೂ’ ಎಂಬ ಪ್ರಯೋಗವನ್ನು ಲಂಡನ್ನಿನಲ್ಲಿ ಆಡಿದರೆ ಅರ್ಥಮಾಡಿಕೊಳ್ಳುವವರು ಸಿಕ್ಕುವುದು ದುರ್ಲಭ. ಪದಗಳು ಎಲ್ಲಿಯವಾದರೇನು, ವಾಕ್ಯ ನಮ್ಮದು: “ಏನ್ ಕೊಡ್ಲಿ ಸಾರ್?”

ಅಲ್ಲಿಂದ ಲಾಲ್‌ಬಾಗ್ ರಸ್ತೆಗೆ ಬಂದರೆ ಮಾವಳ್ಳಿ ಟಿಫಿನ್ ರೂಮ್ಸ್. 1924ರಲ್ಲಿ ಹುಟ್ಟಿದ ಈ ಸಂಸ್ಥೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳ ರೀತಿನೀತಿಗಳನ್ನು ಕಂಡು ಬಂದರು. ಪಾತ್ರೆಗಳನ್ನು ಬಿಸಿನೀರಿನಲ್ಲಿ ಶುದ್ಧಿ ಮಾಡುವುದು, ಗಿರಾಕಿಗಳಿಗೆ ಅಡಿಗೆಮನೆ ಕಾಣುವಂತೆ ಮಾಡುವುದು ಇಂತಹ ಕಟ್ಟುನಿಟ್ಟು ಆ ಪ್ರವಾಸದ ಫಲ.

ಲಾಲ್‌ಬಾಗನ್ನು ಬಿಟ್ಟು ಮಹಾತ್ಮಾ ಗಾಂಧಿ ರಸ್ತೆಯ ಕಡೆಗೆ ನಡೆದರೆ ಬೇರೊಂದು ಊರು. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡು, ನಗರದೊಡನೆ ಒಂದೇ ಆಡಳಿತಕ್ಕೆ ಸೇರಿದ್ದು 1949ರಲ್ಲಿ. ಅಲ್ಲಿಯವರೆಗೂ ಅದು ಇಂಗ್ಲಿಷಿನ ಸೀಮೆ. ಈ ಸೀಮೆಯಲ್ಲಿ ನೆನೆಯಬೇಕಾದ ಸ್ಥಳ ಇಂಡಿಯನ್ ಕಾಫಿ ಹೌಸ್. ಕಾಫಿ ಮಂಡಲಿ ತನ್ನ ಕಾಫಿ ಮನೆಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಅವನ್ನು ಮುಂದುವರಿಸಿದರು. ದಶಕಗಳ ಕಾಲ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಮನೆ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಬಿಳಿಯ ಉಡುಪು, ಪೇಟ, ನಡುಪಟ್ಟಿ ಧರಿಸಿದ ಅಲ್ಲಿನ ಪರಿಚಾರಕರಿಗೆ ಬರೀ ಇಂಗ್ಲಿಷ್ ಪದಗಳು ಸಾಲವು. ಇಂಗ್ಲಿಷಿನ ವಾಕ್ಯವೇ ಬೇಕು.

ತೊಡಕು ಹುಟ್ಟುವುದು ಇಲ್ಲಿಯೇ. ನಮ್ಮ ಹುಡುಗ ಕನ್ನಡದಲ್ಲಿ “ಏನು ಬೇಕು, ಹೇಳಿ ಸಾರ್” ಎಂದರೆ ಅದು ಸೌಜನ್ಯದ ಮಾತು. ಅದನ್ನೇ “ವಾಟ್ ಯು ವಾಂಟ್? ಟೆಲ್ ಸಾರ್” ಎಂದು ಇಂಗ್ಲಿಷಿಗಿಳಿಸಿದರೆ ಪರದೇಶದ ಅತಿಥಿ ಬೆಚ್ಚಿಬೀಳುತ್ತಾನೆ. ಹುಡುಗನ ವಿನಯ ಎಲ್ಲಿ ಹೋಯಿತು? ಕನ್ನಡದಲ್ಲಿ ವಿನಯವು ಕ್ರಿಯಾಪದದ ಬಾಲದಲ್ಲಿದೆ. ‘ಕೊಡು’ ಎಂಬುದಕ್ಕೂ ‘ಕೊಡಿ’ ಎಂಬುದಕ್ಕೂ ಇರುವ ಅಂತರ ಒಂದೇ ಸ್ವರ. ಆ ಸ್ವರದಲ್ಲಿಯೇ ಮರ್ಯಾದೆಯೆಲ್ಲ ಅಡಗಿದೆ. ಇಂಗ್ಲಿಷಿನ ‘ಗಿವ್’ ಎಂಬ ಪದಕ್ಕೆ ಅಂತಹ ಬಾಲವಿಲ್ಲ. ಆದ್ದರಿಂದ ಅಲ್ಲಿ ಮರ್ಯಾದೆಯನ್ನು ಹೊರಗಿನಿಂದ ತಂದು ಜೋಡಿಸಬೇಕು: ಪ್ಲೀಸ್, ವುಡ್, ಮೇ, ಸಾರಿ ಎಂಬ ನಾಲ್ಕು ಪದಗಳು ಆ ಕೆಲಸಕ್ಕಾಗಿಯೇ ಇವೆ.

ಈ ಗುಟ್ಟು ತಿಳಿದರೆ ಉಳಿದದ್ದು ಸುಲಭ. “ವಾಟ್ ಯು ವಾಂಟ್” ಎನ್ನುವ ಬದಲು “ವಾಟ್ ವುಡ್ ಯು ಲೈಕ್ ಟು ಹ್ಯಾವ್?” ಎಂದರಾಯಿತು. ವಡೆ ಮುಗಿದಿದ್ದರೆ “ಖಾಲಿ” ಎಂದು ಕೈಯಾಡಿಸದೆ “ಐ ಆಮ್ ಸಾರಿ, ದಿ ವಡಾ ಈಸ್ ಫಿನಿಷ್ಡ್. ಮೇ ಐ ಸಜೆಸ್ಟ್ ದಿ ಇಡ್ಲಿ?” ಎನ್ನಬಹುದು. ನಮ್ಮ ಮಾಣಿಯ ಒಂದು ಮಾತಂತೂ ವ್ಯಾಕರಣದ ವಿಸ್ಮಯ. ಕರೆದೊಡನೆ “ಬಂದೆ ಸಾರ್” ಎನ್ನುತ್ತಾ ಆಚೆಗೆ ಹೋಗುತ್ತಾನೆ! ಬರಲಿರುವುದನ್ನು ಬಂದಾಯಿತೆಂದು ಹೇಳಿ ನೆಮ್ಮದಿ ಕೊಡುವುದು ಕನ್ನಡದ ಜಾಯಮಾನ. ಇಂಗ್ಲಿಷಿನವನಿಗೆ ಇದು ಒಗ್ಗದು. ಅವನಿಗೆ “ಒನ್ ಮೊಮೆಂಟ್, ಪ್ಲೀಸ್” ಎಂದರೆ ಸಾಕು.

ಕನ್ನಡವೇ ಕಲಿಕೆಗೆ ನೆರವಾಗುವ ಸ್ಥಳವೂ ಒಂದಿದೆ. ನಾವು ‘ತರಲೇ?’, ‘ತೆಗೆಯಲೇ?’ ಎಂದು ಅಪ್ಪಣೆ ಕೇಳುವಲ್ಲೆಲ್ಲ ಇಂಗ್ಲಿಷಿನ ‘ಶಲ್ ಐ’, ‘ಮೇ ಐ’ ಸರಿಯಾಗಿ ಕೂಡುತ್ತವೆ. “ಬಿಲ್ ತರಲೇ?” ಎಂಬುದು “ಶಲ್ ಐ ಬ್ರಿಂಗ್ ದಿ ಬಿಲ್?” ಆಗುತ್ತದೆ; “ತಟ್ಟೆ ತೆಗೆಯಲೇ?” ಎಂಬುದು “ಮೇ ಐ ಟೇಕ್ ದಿ ಪ್ಲೇಟ್?” ಆಗುತ್ತದೆ. ‘ಏನು ಕೊಡಲಿ’ ಎನ್ನಬಲ್ಲ ಹುಡುಗನಿಗೆ ಈ ವಿನಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದರ ಇಂಗ್ಲಿಷ್ ರೂಪವನ್ನು ತೋರಿಸಿದರೆ ಸಾಕು.

ಹುಷಾರಾಗಿರಬೇಕಾದ ಎಡೆಗಳು ಎರಡು. ಮೊದಲನೆಯದು ‘ಇಲ್ಲ’, ‘ಬೇಡ’ಗಳ ಪ್ರಶ್ನೆ. “ಸಕ್ಕರೆ ಬೇಡವೇ?” ಎಂದು ಕೇಳಿದರೆ ನಾವು “ಹೌದು, ಬೇಡ” ಎನ್ನುತ್ತೇವೆ. ಇಂಗ್ಲಿಷಿನವನು ಅದೇ ಅರ್ಥದಲ್ಲಿ “ನೋ” ಎನ್ನುತ್ತಾನೆ. ಅವನ ‘ನೋ’ ನಮ್ಮ ‘ಹೌದು’! ಆದ್ದರಿಂದ “ವಿತ್ ಶುಗರ್, ಆರ್ ವಿದೌಟ್?” ಎಂದು ಎರಡನ್ನೂ ಮುಂದಿಟ್ಟು ಕೇಳುವುದೇ ಕ್ಷೇಮ.

ಎರಡನೆಯದು ಪ್ರಾಣದ ಮಾತು. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಚೀಲ ತುಂಬಿಕೊಂಡು ಬರುವ ನಮಗೆ, ಕಡಲೆಕಾಯಿಯನ್ನು ಕಂಡು ಹೆದರುವವರು ಉಂಟೆಂದರೆ ನಗು ಬರಬಹುದು. ಆದರೆ ಕೆಲವರ ಶರೀರಕ್ಕೆ ಅದು ವಿಷವಿದ್ದಂತೆ. ಗಂಟಲು ಬಾತು, ಉಸಿರು ಕಟ್ಟಿ ಸಾಯುವ ಸಂಭವವೂ ಉಂಟು. ಅಂತಹವರು “ಈಸ್ ದೇರ್ ಪೀನಟ್ ಇನ್ ದಿಸ್ ಚಟ್ನಿ?” ಎಂದು ಕೇಳಿದಾಗ, ಪ್ರಶ್ನೆ ಅರ್ಥವಾಗದ ಹುಡುಗ ಅತಿಥಿಯನ್ನು ನೋಯಿಸಬಾರದೆಂದು “ನೋ ಪ್ರಾಬ್ಲಮ್ ಸಾರ್” ಎಂದುಬಿಟ್ಟರೆ ಆ ವಿನಯವೇ ಅಪಾಯ. ಪರಿಚಾರಕನು ಕಲಿಯಬೇಕಾದ ಇಂಗ್ಲಿಷ್ ವಾಕ್ಯಗಳಲ್ಲಿ ಅಗ್ರಸ್ಥಾನ ಯಾವುದಕ್ಕೆಂದರೆ ನಾನು ಇದಕ್ಕೆ ಕೊಡುತ್ತೇನೆ: “ಐ ವಿಲ್ ಆಸ್ಕ್ ದಿ ಕಿಚನ್.” ಗೊತ್ತಿಲ್ಲದ್ದನ್ನು ವಿಚಾರಿಸಿ ಬಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ.

ಇಷ್ಟೆಲ್ಲ ಪರಿಚಾರಕನ ಪಾಠವಾಯಿತು. ಕುರ್ಚಿಯಲ್ಲಿ ಕುಳಿತ ನಮ್ಮ ಪಾಠ? ಒಂದು ಕಾಲಕ್ಕೆ ಬೆಂಗಳೂರಿನ ಹೋಟೆಲುಗಳಿಗೆ ಉಡುಪಿ, ಕುಂದಾಪುರದ ಕಡೆಯ ಹುಡುಗರು ಬರುತ್ತಿದ್ದರು. ‘ಮಾಣಿ’ ಎಂಬ ಹೆಸರೂ ಅಲ್ಲಿಯ ಬಳಕೆ. ಅದರ ಮೂಲಾರ್ಥ ವಟು, ಎಂದರೆ ಬ್ರಹ್ಮಚಾರಿ. ಇಂದು ತಟ್ಟೆ ಹಿಡಿದು ಬರುವವನು ಒಡಿಶಾದವನಿರಬಹುದು, ಅಸ್ಸಾಮಿನವನಿರಬಹುದು, ಬಿಹಾರದವನೋ ನೇಪಾಳದವನೋ ಇರಬಹುದು. ಅವನಿಗೆ ಇಂಗ್ಲಿಷಿನಂತೆಯೇ ಕನ್ನಡವೂ ಪರಭಾಷೆ. ಅವನು ಅದನ್ನು ಕಲಿಯುವುದು ಯಾವ ಶಾಲೆಯಲ್ಲಿಯೂ ಅಲ್ಲ, ನಮ್ಮ ಮೇಜಿನ ಬಳಿ.

ಅಲ್ಲಿ ಅವನ ಕಿವಿಗೆ ಬೀಳುವುದೇನು? “ಏಯ್, ಇಲ್ಲಿ ಬಾ.” “ನೀರು ಕೊಡು.” “ಬೇಗ ತಗೊಂಡು ಬಾ.” ಕೇಳಿದ್ದನ್ನು ಅವನು ನಿಷ್ಠೆಯಿಂದ ಕಲಿಯುತ್ತಾನೆ. ಆರು ತಿಂಗಳಾದ ಮೇಲೆ ಒಂದು ದಿನ ಹೆಂಡತಿ ಮಕ್ಕಳೊಡನೆ ಕುಳಿತ ಗೃಹಸ್ಥರೊಬ್ಬರನ್ನು ನಗುಮುಖದಿಂದಲೇ “ಏನು ಬೇಕು? ಹೇಳು” ಎಂದು ಕೇಳುತ್ತಾನೆ. ಗೃಹಸ್ಥರ ಮುಖ ಕೆಂಪಾಗುತ್ತದೆ. ಏಕವಚನ! ಯಜಮಾನರವರೆಗೂ ದೂರು ಹೋಗುತ್ತದೆ. ಆದರೆ ಆ ಹುಡುಗನಿಗೆ ‘ಹೇಳಿ’ ಎಂಬ ರೂಪವೊಂದು ಉಂಟೆಂದು ತಿಳಿಯುವುದಾದರೂ ಹೇಗೆ? ಅವನ ಕಿವಿಗೆ ಆ ಒಂದು ಸ್ವರವನ್ನು ನಾವು ಹಾಕಿಯೇ ಇರಲಿಲ್ಲ. ಅವನು ನಮಗೆ ಒಪ್ಪಿಸಿದ್ದು ನಾವೇ ಕಲಿಸಿದ ಪಾಠವನ್ನು.

ಪರಿಚಾರಕರಿಗೆ ಇಂಗ್ಲಿಷ್ ಕಲಿಸುವ ಯಜಮಾನರು ಅದೇ ಪುಸ್ತಕದಲ್ಲಿ ಒಂದು ಪುಟ ಕನ್ನಡಕ್ಕೂ ಮೀಸಲಿಡಲಿ: ‘ಬನ್ನಿ, ಕೂತುಕೊಳ್ಳಿ, ಏನು ಕೊಡಲಿ, ಇನ್ನೇನು ತರಲಿ’ ಇಷ್ಟಾದರೂ ಇರಲಿ. ಗಿರಾಕಿಗಳಾದ ನಮಗೆ ಪುಸ್ತಕವೇ ಬೇಡ. ಗಾಂಧಿ ಬಜಾರಿನಲ್ಲಾಗಲಿ ಚರ್ಚ್ ಸ್ಟ್ರೀಟಿನಲ್ಲಾಗಲಿ “ಒಂದು ಕಾಫಿ ಕೊಡಿ” ಎಂದರೆ ಕಾಫಿಯ ಬೆಲೆಯೇನೂ ಹೆಚ್ಚುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಕಾಲಾಡಿಸುತ್ತ ಕುಳಿತ ಮಗುವೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ.