ವ್ಯಾಸಂಗದ ಉದ್ದೇಶ

ಕಳೆದ ತಿಂಗಳ ಒಂದು ಭಾನುವಾರ ಹುರುಳಿಕಾಳು ಆರಿಸುತ್ತ ಕುಳಿತಿದ್ದೆ. ಅರ್ಥಶಾಸ್ತ್ರದ ಪದವಿಯಲ್ಲಿ ಮೂರನೆಯ ವರ್ಷದಲ್ಲಿರುವ ಮಗಳು ಎದುರಿಗೆ ಬಂದು ಕುಳಿತಳು. ಅವಳ ಮುಂದೆ ಮೂರು ದಾರಿಗಳಿದ್ದವು. ಈ ವರ್ಷವೇ ಪದವಿ ಪಡೆದು ಎರಡು ವರ್ಷದ ಎಂ.ಎ. ಮಾಡುವುದು, ಹೊಸ ಶಿಕ್ಷಣ ನೀತಿಯಂತೆ ನಾಲ್ಕನೆಯ ವರ್ಷ ಆನರ್ಸ್ ಓದಿ ಎಂ.ಎ.ಯನ್ನು ಒಂದು ವರ್ಷದಲ್ಲಿ ಮುಗಿಸುವುದು. ಅಥವಾ ಓದಿಗೆ ಇಲ್ಲಿಗೇ ಮಂಗಳ ಹಾಡಿ ಕೆಲಸಕ್ಕೆ ಸೇರುವುದು. ಎಲ್ಲವನ್ನೂ ವಿವರಿಸಿದ ಮೇಲೆ, “ಅಮ್ಮಾ, ನೀನು ಇಂಗ್ಲಿಷ್ ಎಂ.ಎ. ಮಾಡಿದ್ಯಲ್ಲ, ಅದರಿಂದ ನಿನಗೇನು ಸಿಕ್ತು?” ಎಂದು ಕೇಳಿದಳು. ಕೊಂಕಿನ ಮಾತಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಹಾಸನದಲ್ಲಿ ಪದವಿ ಮುಗಿಸಿದ ವರ್ಷವೇ ಕೇಂದ್ರ ಸರ್ಕಾರದ ನೌಕರಿ ದೊರೆತು ನಾನು ಮುಂಬಯಿಗೆ ಬಂದೆ. ತಮ್ಮಂದಿರ ಓದು ಬಾಕಿಯಿತ್ತು. ನನ್ನದು ಅಲ್ಲಿಗೇ ನಿಂತಿತು. ಮತ್ತೆ ಅರ್ಜಿ ಹಿಡಿದದ್ದು 2016ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ. ಸಹೋದ್ಯೋಗಿಗಳು ಸಾರ್ವಜನಿಕ ಆಡಳಿತ ಓದಿ ಎಂದರು. ಮನೆಯವರು ಎಂ.ಬಿ.ಎ. ಎಂದರು. ನನ್ನ ಮನಸ್ಸು ಕನ್ನಡ ಎನ್ನುತ್ತಿತ್ತು. ಆಯ್ದುಕೊಂಡದ್ದು ಮಾತ್ರ ಇಂಗ್ಲಿಷ್. ಇಂಗ್ಲಿಷ್ ಎಂ.ಎ. ಎಂದರೆ ಕೇಳಿದವರು ಒಂದು ಕ್ಷಣ ಗೌರವದಿಂದ ನೋಡುತ್ತಾರೆ, ಕನ್ನಡ ಎಂದರೆ, ಅದರಲ್ಲೂ ಮುಂಬಯಿಯಲ್ಲಿ, “ಯಾಕೆ?” ಎನ್ನುತ್ತಾರೆ. ಆ ಪ್ರಶ್ನೆಗೆ ನಾನು ಹೆದರಿದೆ. ಕಚೇರಿಯ ಅನುಮತಿಗಾಗಿ ಬರೆದ ಅರ್ಜಿಯಲ್ಲಿ ವ್ಯಾಸಂಗದ ಉದ್ದೇಶವನ್ನು ತಿಳಿಸಬೇಕಿತ್ತು. “ಕಾರ್ಯದಕ್ಷತೆಯನ್ನು ಹೆಚ್ಚಿಸಿಕೊಳ್ಳುವುದು” ಎಂದು ಬರೆದೆ. ಅದು ಸುಳ್ಳೆಂದು ಬರೆಯುವಾಗಲೇ ಗೊತ್ತಿತ್ತು.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಆ ಎಂ.ಎ.ಗೆ 64 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಒಟ್ಟು 1,920 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ಹಬ್ಬ ಹುಣ್ಣಿಮೆ, ಜ್ವರ ನೆಗಡಿಗಳನ್ನೂ ಬಿಡದೆ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು. ಅಷ್ಟು ಸಮಯ ನನಗೆ ಸಿಗುತ್ತಿದ್ದುದು ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ಹೋಗಿಬರುವ ಲೋಕಲ್ ರೈಲಿನಲ್ಲಿ ಮಾತ್ರ. ಕೂರಲು ಜಾಗ ಸಿಕ್ಕ ದಿನ ಪಾಠ, ಸಿಗದ ದಿನ ಹಿಂದಿನ ದಿನದ ಪಾಠದ ಮನನ. ಕೈಬರಹದಲ್ಲೇ ಕೊಡಬೇಕಾಗಿದ್ದ ಅಸೈನ್‌ಮೆಂಟುಗಳನ್ನು ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಬರೆದೆ. ಎರಡು ವರ್ಷದ ಓದು ಮುಗಿಯುವಾಗ ಮೂರು ವರ್ಷವಾಗಿತ್ತು.

ಆ ರೈಲಿನಲ್ಲೇ ನಾನು ಮೊದಲ ಬಾರಿಗೆ ‘ಸಂಸ್ಕಾರ’ವನ್ನು ಓದಿದೆ, ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗಲೂ ಕನ್ನಡದಲ್ಲೇ ಬರೆದ ಕಾದಂಬರಿಯನ್ನು, ಹಾಸನದ ನಾನು ಪರೀಕ್ಷೆಗೆಂದು ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲೇ ಉತ್ತರ ಬರೆದೆ. ಅಂಕಗಳೇನೋ ಚೆನ್ನಾಗಿಯೇ ಬಂದವು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಚಾಸರ್. ಹದಿನಾಲ್ಕನೆಯ ಶತಮಾನದ ಆ ಇಂಗ್ಲಿಷನ್ನು ಪದಪದವಾಗಿ ಬಿಡಿಸಿ ಓದಲು ಪಠ್ಯ ಕಲಿಸಿತು. ಆರು ತಿಂಗಳಲ್ಲಿ ಅದು ಕೈಗೆ ಬಂತು. ಒಂದು ಸಂಜೆ ಠಾಣೆ ದಾಟುವಾಗ ಹೊಳೆಯಿತು: ಚಾಸರನಿಗಿಂತ ನಾಲ್ಕು ಶತಮಾನ ಹಿಂದಿನ ಪಂಪನ ಒಂದು ಪದ್ಯವನ್ನೂ ನಾನು ಹೀಗೆ ಬಿಡಿಸಲಾರೆ. ಅವನ ಭಾಷೆ ನನ್ನದೇ ಎಂದು ರಾಜ್ಯೋತ್ಸವದ ಸಭೆಗಳಲ್ಲಿ ಚಪ್ಪಾಳೆ ತಟ್ಟಿದ್ದೆ, ಅಷ್ಟೆ.

ಪದವಿ ಕೈಸೇರಿದಾಗ ಸಹೋದ್ಯೋಗಿಯೊಬ್ಬರು ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಿ ಎಂದರು. 2019ರ ಮಾರ್ಚ್‌ನ ಆದೇಶದಂತೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಸ್ನಾತಕೋತ್ತರ ಪದವಿಗೆ 25,000 ರೂಪಾಯಿ. ಆದೇಶವನ್ನು ಪೂರ್ತಿ ಓದಿದೆ. ಹುದ್ದೆಯ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ಓದಿಗೆ ಮಾತ್ರ ಹಣ. ಕೇವಲ ಶೈಕ್ಷಣಿಕವಾದ ಅಥವಾ ಸಾಹಿತ್ಯಕವಾದ ವಿಷಯಗಳಿಗೆ ಇಲ್ಲ. ನಾನು ಅರ್ಜಿ ಹಾಕಲಿಲ್ಲ. ಮೂರು ವರ್ಷದ ಹಿಂದೆ ನಾನು ಬರೆದ ಸುಳ್ಳನ್ನು ಸರ್ಕಾರ ಮೊದಲೇ ಊಹಿಸಿಟ್ಟಿದೆ ಎನಿಸಿ ನಗು ಬಂತು. ಕೋಪ ಬರಲಿಲ್ಲ, ನಿಯಮ ನಿಯಮದಂತೆಯೇ ಇತ್ತು.

ಮಗಳಿಗೆ ಇದಿಷ್ಟನ್ನೂ ಹೇಳಿದೆ. ಬಡ್ತಿ ಸಿಗಲಿಲ್ಲ, ಹಣ ಸಿಗಲಿಲ್ಲ. ಕಾದಂಬರಿಗಳನ್ನು ನಾನು ಎಂ.ಎ. ಇಲ್ಲದೆಯೂ ಓದಬಹುದಿತ್ತು, ಓದುತ್ತಿದ್ದೆ ಕೂಡ. ನಿಜವಾಗಿ ದಕ್ಕಿದ್ದು ಚಾಸರ್, ಭಾಷಾವಿಜ್ಞಾನ, ವಿಮರ್ಶಾ ಸಿದ್ಧಾಂತ. ಪಠ್ಯ, ಗಡುವು, ತಿದ್ದುವ ಕೈ ಇಲ್ಲದಿದ್ದರೆ ಇವನ್ನು ನಾನು ಹತ್ತನೆಯ ಪುಟದಲ್ಲೇ ಬಿಟ್ಟುಬಿಡುತ್ತಿದ್ದೆ. “ನೀನು ಒಬ್ಬಳೇ ಕೂತು ಓದಿಕೊಳ್ಳಬಹುದಾದದ್ದಕ್ಕೆ ಎರಡು ವರ್ಷ ಕೊಡಬೇಡ. ಮೇಷ್ಟರಿಲ್ಲದೆ ಬಾರದ್ದು ಏನಾದರೂ ಅದರಲ್ಲಿದೆಯಾ, ಅದು ನಿನಗೆ ಬೇಕಾ, ಅಷ್ಟು ನೋಡು” ಎಂದೆ.

ಅವಳು ಸುಮ್ಮನೆ ಎದ್ದು ಹೋದಳು. ಸಂಜೆ ಪಠ್ಯಕ್ರಮದ ಪ್ರತಿಯಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಅಭಿವೃದ್ಧಿ ಅರ್ಥಶಾಸ್ತ್ರದ ಮುಂದೆ “ನಾನೇ ಓದಬಹುದು”; ಎಕನಾಮೆಟ್ರಿಕ್ಸ್ ಮುಂದೆ “ಆಗಲ್ಲ”. ಆ “ಆಗಲ್ಲ”ದ ಕೆಳಗೆ ಎರಡು ಗೆರೆ ಎಳೆದಿದ್ದಳು. ಅವಳಿನ್ನೂ ನಿರ್ಧರಿಸಿಲ್ಲ. ಆದರೆ ಈಗ ಕೇಳುತ್ತಿರುವ ಪ್ರಶ್ನೆ ಸರಿಯಾದದ್ದು.

ಅವಳಿಗೆ ಹೇಳಿದ ಮಾತು ನನಗೂ ತಿರುಗಿ ಬಂತು. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಹಲವು ವರ್ಷ ಅದರ ದಾರಿಯಲ್ಲೇ ಓಡಾಡಿಯೂ ಒಳಗೆ ಹೋಗಿಲ್ಲ. ಇಂಗ್ಲಿಷನ್ನು ಇತರರ ಕಣ್ಣಿಗಾಗಿ ಆಯ್ದುಕೊಂಡೆ. ಈಗ ಕನ್ನಡವನ್ನು ಪ್ರಾಯಶ್ಚಿತ್ತಕ್ಕೆಂದು ಆಯ್ದುಕೊಂಡರೆ ಅದೂ ಅಂಥದೇ ಆದೀತೆಂಬ ಅನುಮಾನ ಇಷ್ಟು ದಿನ ತಡೆದಿತ್ತು. ಆದರೆ ಹಳಗನ್ನಡವನ್ನು ನಾನು ಒಬ್ಬಳೇ ಕಲಿಯಲಾರೆ. ಮನೆಯಲ್ಲಿ ಮೂರು ಸಲ ಪಂಪಭಾರತವನ್ನು ತೆರೆದು ಮೂರು ಸಲವೂ ಮುಚ್ಚಿದ್ದೇನೆ.

ಮುಂದಿನ ವಾರ ಅರ್ಧ ದಿನ ರಜೆ ಹಾಕಿ ಕಲೀನಾಕ್ಕೆ ಹೋಗಿ, ತರಗತಿಯ ವೇಳೆ ವಿಚಾರಿಸಬೇಕೆಂದಿದ್ದೇನೆ. ಹೊಂದಿದರೆ ಕಚೇರಿಗೆ ಮತ್ತೊಂದು ಅರ್ಜಿ. ಕರಡು ಬರೆದಿಟ್ಟಿದ್ದೇನೆ. ವ್ಯಾಸಂಗದ ಉದ್ದೇಶ: ಹಳಗನ್ನಡವನ್ನು ಕಲಿಯುವುದು.